ತಡವಾಗಿ ತೆರೆದ ರೆಕ್ಕೆ

ಸ್ಪ್ರಿಂಗ್ ಕೆಟ್ಟಿದೆ ಎಂದು ಯಾರಾದರೂ ಹೇಳಿದರೆ ನನಗೆ ತಡೆದುಕೊಳ್ಳಲು ಆಗುವುದಿಲ್ಲ. ಮನುಷ್ಯರು ಕೆಟ್ಟಿದ್ದಾರೆ ಅಂದರೆ ಒಪ್ಪುತ್ತೇನೆ, ಅದಕ್ಕೆ ಸಾಕ್ಷಿಯನ್ನೂ ಕೇಳುವುದಿಲ್ಲ. ಆದರೆ ನಾನು ಸುತ್ತಿ, ಕಾಯಿಸಿ, ಅಳೆದು ಡಬ್ಬಿಗೆ ಹಾಕಿದ ಸ್ಪ್ರಿಂಗ್ ಕೆಟ್ಟಿದೆ ಅನ್ನುವವರು ಅದನ್ನು ನನ್ನೆದುರು ಇಟ್ಟು ತೋರಿಸಬೇಕು. 2013ರ ಜನವರಿಯಲ್ಲಿ ಬೆಂಗಳೂರಿನಿಂದ ಬಂದ ಕಾಗದ ಏನನ್ನೂ ತೋರಿಸಲಿಲ್ಲ. ಬರೀ ಹೇಳಿತು.

ಕಾಗದ ತಂದವನು ಜಿನೇಂದ್ರ ಮಗದುಮ್. ಕಾಗವಾಡದವನು, ಅಲ್ಲಿ ಅವನದೊಂದು ದೊಡ್ಡ ಮಷಿನ್ ಶಾಪ್ ಇದೆ. ನಮಗೆ ಕೆಲಸ ಕೊಡುವವನೂ ಅವನೇ. ಬೆಂಗಳೂರಿನ ದೊಡ್ಡ ಕಚೇರಿಯಿಂದ ಅವನಿಗೆ ಆರ್ಡರು, ಅವನಿಂದ ನಮಗೆ. ಆವತ್ತು ಸಂಜೆ ಐದಕ್ಕೆ ಕಾರು ನಿಲ್ಲಿಸಿ, ಇಳಿಯುತ್ತಲೇ ಆಕಾಶ ನೋಡಿದ. ಜೈನರವನು, ಹೊತ್ತು ಮುಳುಗುವುದರೊಳಗೆ ಮನೆಗೆ ಹೋಗಿ ಊಟ ಮಾಡಬೇಕು, ಇಲ್ಲದಿದ್ದರೆ ಅವನಿಗೆ ಆ ದಿನ ಊಟವಿಲ್ಲ. ಇಂಥ ಅವಸರದಲ್ಲೂ ಬಂದಿದ್ದಾನೆ ಅಂದರೆ ಸುದ್ದಿ ಒಳ್ಳೆಯದಲ್ಲ ಎಂದು ನನಗೆ ಗೊತ್ತಾಯಿತು.

"ನೀಲಾತಾಯಿ, ಕೂತು ಓದ್ರಿ," ಅಂದ.

ನಾನು ನಿಂತೇ ಓದಿದೆ.

ನಾವು ಮಾಡುತ್ತಿದ್ದುದು ಏನು ಎಂದು ಇಲ್ಲೇ ಹೇಳಿಬಿಡುತ್ತೇನೆ. ಯುದ್ಧ ವಿಮಾನಗಳ ರೆಕ್ಕೆಯ ಕೆಳಗೆ ಕೊಳವೆಗಳ ಗೊಂಚಲು ಕಟ್ಟಿರುತ್ತಾರೆ. ಅದರೊಳಗೆ ಉದ್ದುದ್ದನೆಯ ರಾಕೆಟ್ಟುಗಳು. ಅವು ಹಳೆಯ ಕಾಲದ ಸರಕು. ಗುಂಡಿ ಒತ್ತಿದರೆ ಹಾರುತ್ತವೆ, ಆಮೇಲೆ ಗಾಳಿ ಹೇಳಿದಂತೆ ಕೇಳುತ್ತವೆ. ಹೇಳಿದ ಕಡೆಗೇ ಹೋಗಿ ಬೀಳುವ ಕ್ಷಿಪಣಿಗಳೂ ಇವೆ, ಆದರೆ ಒಂದೊಂದರ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಇವೆರಡರ ನಡುವೆ ಒಂದು ದಾರಿ ಹುಡುಕೋಣ ಎಂದು ಬೆಂಗಳೂರಿನವರು ಹೊರಟಿದ್ದರು. ಹಳೆಯ ರಾಕೆಟ್ಟಿಗೇ ಒಂದು ಹೊಸ ತಲೆ. ಆ ತಲೆಯಲ್ಲಿ ಗುರಿ ನೋಡುವ ಒಂದು ಕಣ್ಣು, ಸುತ್ತ ನಾಲ್ಕು ಸಣ್ಣ ರೆಕ್ಕೆ. ಕೊಳವೆಯೊಳಗಿರುವಾಗ ರೆಕ್ಕೆಗಳು ಮಡಚಿರಬೇಕು, ಹೊರಗೆ ಬಂದ ಕೂಡಲೇ ನಾಲ್ಕೂ ಒಟ್ಟಿಗೆ ಬಿಚ್ಚಿಕೊಳ್ಳಬೇಕು. ಒಂದು ರೆಕ್ಕೆ ಕಣ್ಣು ಮಿಟುಕಿಸುವಷ್ಟು ತಡ ಮಾಡಿದರೂ ರಾಕೆಟ್ಟು ಸುತ್ತಿಕೊಂಡು ಎಲ್ಲಿಗೋ ಹೋಗುತ್ತದೆ. ಆ ರೆಕ್ಕೆ ಬಿಚ್ಚುವ ಸ್ಪ್ರಿಂಗು ನಮ್ಮದು. ಜಿನೇಂದ್ರನ ಶಾಪಿನಿಂದ ಅಲ್ಯೂಮಿನಿಯಂ ಉಂಗುರ ಮತ್ತು ರೆಕ್ಕೆ ಬರುತ್ತಿದ್ದವು. ನಾವು ಸ್ಪ್ರಿಂಗ್ ಸುತ್ತಿ, ರೆಕ್ಕೆ ಕೂರಿಸಿ, ಡಬ್ಬಿಯಲ್ಲಿಟ್ಟು ಕಳಿಸುತ್ತಿದ್ದೆವು. ಇಡೀ ರಾಕೆಟ್ಟು ಅಗ್ಗವಾಗಬೇಕು ಎಂಬ ಹಟ ಅವರಿಗಿದ್ದುದರಿಂದಲೇ ಬೋರಗಾಂವದ ನಮ್ಮ ಬಾಡಿಗೆ ಶೆಡ್ಡಿನವರೆಗೆ ಆ ಕೆಲಸ ಹರಿದು ಬಂದಿತ್ತು.

ಕಾಗದದಲ್ಲಿ ಇದ್ದುದು ಇಷ್ಟು. ಡಿಸೆಂಬರಿನಲ್ಲಿ ಪರೀಕ್ಷೆಗೆಂದು ಮೂರು ರಾಕೆಟ್ಟು ಹಾರಿಸಿದರು. ವಿಮಾನ ಕೆಳಗಡೆ ಹಾರುತ್ತಿದ್ದಾಗ ಬಿಟ್ಟ ಎರಡು, ಇಟ್ಟ ಗುರಿಗೆ ಬಡಿದವು. ಮೂರನೆಯದನ್ನು ಬಿಡುವ ಮುಂಚೆ ವಿಮಾನ ತೀರ ಮೇಲೆ ಹೋಗಿ ಒಂದು ತಾಸು ಅಲ್ಲೇ ಸುತ್ತಿತ್ತು. ಅಲ್ಲಿ ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿನ ಚಳಿ. ಆ ರಾಕೆಟ್ಟಿನ ನಾಲ್ಕನೆಯ ರೆಕ್ಕೆ ತಡವಾಗಿ ತೆರೆಯಿತು, ರಾಕೆಟ್ಟು ಗುರಿಗಿಂತ ಒಂದೂವರೆ ಕಿಲೋಮೀಟರು ಆಚೆ ಖಾಲಿ ಮರಳಿನಲ್ಲಿ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಕಾರಣ: ಸ್ಥಳೀಯವಾಗಿ ತಯಾರಿಸಿದ ಸ್ಪ್ರಿಂಗು ಚಳಿಯಲ್ಲಿ ಸತ್ವ ಕಳೆದುಕೊಂಡಿರುವ ಸಂಭವ. ಫೆಬ್ರವರಿ ಹನ್ನೊಂದಕ್ಕೆ ಮೂವರ ಸಮಿತಿ ಬಂದು ನೋಡುತ್ತದೆ. ಮುಂದೆ ಸ್ಪ್ರಿಂಗನ್ನು ಹೊರದೇಶದಿಂದ ತರಿಸುವ ವಿಚಾರವಿದೆ.

"ಸ್ಥಳೀಯವಾಗಿ" ಎಂಬ ಮಾತನ್ನು ನಾನು ಎರಡು ಸಲ ಓದಿದೆ. ಚೆನ್ನಾಗಿ ಹೋದ ಎರಡು ರಾಕೆಟ್ಟುಗಳ ಸ್ಪ್ರಿಂಗು ಎಲ್ಲಿ ತಯಾರಾಗಿತ್ತಂತೆ?

"ಇದಕ್ಕ ನಾವು ಏನ್ ಮಾಡಬೇಕಂತ?" ಅಂದೆ.

"ತಂತಿ ಲಾಟ್ ಖರಾಬ್ ಬಂದಿತ್ತು ಅಂತ ಒಂದ ಕಾಗದಕ್ಕ ಸಹಿ ಮಾಡಿದ್ರ ಮುಗೀತ್ರಿ. ಯಾರ ಮ್ಯಾಲೂ ಬರಂಗಿಲ್ಲ. ನಿಮಗ ನಾ ಬ್ಯಾರೆ ಕೆಲಸ ಕೊಡ್ತೀನಿ. ಸ್ಪ್ರೇ ಪಂಪಿನ ಸ್ಪ್ರಿಂಗ್ ಅದಾವು, ಗೇಟಿನೂ ಅದಾವು."

"ತಂತಿ ಖರಾಬ್ ಇತ್ತೇನು?"

ಅವನು ಪಡುವಣ ದಿಕ್ಕಿಗೆ ನೋಡಿದ. ಪಾಪ, ಹೊಟ್ಟೆ ಹಸಿದಿತ್ತೋ ಏನೋ.

"ಹನ್ನೊಂದನೇ ತಾರೀಖಿನ ತನಕ ನನಗ ವ್ಯಾಳ್ಯಾ ಕೊಡ್ರಿ," ಅಂದೆ. "ಖರಾಬ್ ಇದ್ರ ನಾನs ಸಹಿ ಮಾಡ್ತೀನಿ. ಇಲ್ಲಂದ್ರ ಅವರಪ್ಪ ಬಂದ್ರೂ ಮಾಡಂಗಿಲ್ಲ."

ನಮ್ಮ ಮನೆಯಲ್ಲಿ ಅಷ್ಟರವರೆಗೆ ರಾಕೆಟ್ಟಿನ ವಿಷಯ ಯಾರಿಗೂ ಗೊತ್ತಿರಲಿಲ್ಲ. ಹೇಳಬಾರದು ಎಂದು ಬರೆಸಿಕೊಂಡಿದ್ದರು. ಅಪ್ಪನಿಗೂ ಅದು "ಸರಕಾರದ ಪಾರ್ಟ್" ಅಷ್ಟೇ. ಈಗ ಸಮಿತಿ ಮನೆ ಬಾಗಿಲಿಗೇ ಬರುತ್ತದೆ ಅಂದಮೇಲೆ ಮುಚ್ಚಿಡುವುದೇನು, ಹೇಳಿದೆ. ಅವ್ವ ತುಳಸವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ದೀಪಾವಳಿ ರಾಕೆಟ್ಟs ಸೀದಾ ಹೋಗಂಗಿಲ್ಲ ಬೇ," ಅಂದಳು. "ಹೋದ ವರ್ಷ ನಮ್ಮ ಬಣವಿ ಮ್ಯಾಲ ಬಿದ್ದಿತ್ತು. ಅದಕ್ಕ ನಿನ್ನ ಮ್ಯಾಲ ಯಾಕ ಸಿಟ್ಟು ಅವರಿಗೆ?"

ಅಪ್ಪ ಮಾತ್ರ "ಯಾರಿಗೂ ಪೆಟ್ಟಾಗಿಲ್ಲ ಹೌದಿಲ್ಲೋ?" ಎಂದು ಕೇಳಿದ. ಇಲ್ಲ ಅಂದೆ. "ಹಂಗಾದ್ರ ಛಲೋ ಆತು," ಅಂದ.

ಅಪ್ಪ ತುಕಾರಾಮ ಶಿಂಗೆ. ಬೋರಗಾಂವದ ಪವರ್‌ಲೂಮು ಶೆಡ್ಡುಗಳಲ್ಲಿ ನಲವತ್ತು ವರ್ಷ ಜಾಬರ್ ಆಗಿದ್ದವನು, ಅಂದರೆ ಮಗ್ಗ ಕೈಕೊಟ್ಟಾಗ ಕರೆಸಿಕೊಂಡು ಸರಿ ಮಾಡಿಸಿಕೊಳ್ಳುವ ಮನುಷ್ಯ. ಮಗ್ಗದ ಸದ್ದು ಕೇಳಿಯೇ ಯಾವ ಬೋಲ್ಟು ಸಡಿಲಾಗಿದೆ ಎಂದು ಹೇಳುತ್ತಿದ್ದ. ನಾನು ಡಿಪ್ಲೊಮಾ ಮುಗಿಸಿ ಇಚಲಕರಂಜಿಯ ಸ್ಪ್ರಿಂಗ್ ಕಾರ್ಖಾನೆಯಲ್ಲಿ ಮೂರು ವರ್ಷ ದುಡಿದು, ವಾಪಸು ಬಂದು ಶೆಡ್ಡು ಹಿಡಿದಾಗ, ಒಬ್ಬ ಮಾಲಕನ ಕೆಲಸ ಬಿಟ್ಟು ನನ್ನ ಜೊತೆ ಬಂದ. "ಮಗಳ ಕೈಯಾಗ ಪಗಾರಿ" ಎಂದು ಊರವರು ನಕ್ಕರು. ಅವನು ಅವರಿಗಿಂತ ಜೋರಾಗಿ ನಕ್ಕ. ನಮ್ಮ ಶೆಡ್ಡಿನ ಎಡಕ್ಕೂ ಬಲಕ್ಕೂ ಈಗಲೂ ಮಗ್ಗಗಳು ಓಡುತ್ತವೆ. ಅದರಿಂದ ನಮ್ಮಲ್ಲಿ ಪ್ರೀತಿಯ ಮಾತನ್ನೂ ಕೂಗಿಯೇ ಆಡಬೇಕು.

ನಲವತ್ತು ಡಿಗ್ರಿ ಚಳಿ ಎಲ್ಲಿಂದ ತರುವುದು? ನಿಪ್ಪಾಣಿಯ ಬರ್ಫದ ಕಾರ್ಖಾನೆಯಲ್ಲಿ ವಿಚಾರಿಸಿದೆ, ಅವರದು ಹದಿನೈದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಎರಡು ದಿನ ತಲೆ ಕೆಡಿಸಿಕೊಂಡೆ. ಮೂರನೆಯ ದಿನ ಅವ್ವನೇ ಹೇಳಿದಳು. ನಮ್ಮ ಎಮ್ಮೆಗೆ ಇಂಜೆಕ್ಷನ್ ಮಾಡಿ ಗಬ್ಬ ಕಟ್ಟಿಸಲು ಬರುವ ಏಕಸಂಬಿಯ ವಿರುಪಾಕ್ಷಪ್ಪನ ಹತ್ತಿರ ಒಂದು ದೊಡ್ಡ ಕ್ಯಾನ್ ಇರುತ್ತದೆ, ಮುಚ್ಚಳ ತೆಗೆದರೆ ಹೊಗೆ ಬರುತ್ತದೆ. ಒಮ್ಮೆ ಅದರ ಹತ್ತಿರ ಬೆರಳು ಒಯ್ದಾಗ ಅವನು ಚೀರಿಬಿಟ್ಟನಂತೆ.

ಅದು ದ್ರವ ನೈಟ್ರೋಜನ್. ದನದ ದವಾಖಾನೆಗಳಲ್ಲಿ ಹೋರಿ, ಕೋಣಗಳ ವೀರ್ಯದ ಕಡ್ಡಿಗಳನ್ನು ಅದರಲ್ಲಿ ಮುಳುಗಿಸಿಡುತ್ತಾರೆ. ಸೊನ್ನೆಗಿಂತ ನೂರ ತೊಂಬತ್ತಾರು ಡಿಗ್ರಿ ಕೆಳಗೆ. ವಿಮಾನ ಹೋಗುವ ಆಕಾಶಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಚಳಿ ನಮ್ಮ ಎಮ್ಮೆ ಕಟ್ಟುವ ಗೂಟದ ತನಕ ವರ್ಷಕ್ಕೆರಡು ಸಲ ಸೈಕಲ್ ಮೋಟರಿನಲ್ಲಿ ಬಂದು ಹೋಗುತ್ತಿತ್ತು! ನನಗೆ ನನ್ನ ಮೇಲೇ ನಗು ಬಂತು.

ವಿರುಪಾಕ್ಷಪ್ಪ ಮೊದಲು ಒಪ್ಪಲಿಲ್ಲ.

"ನನ್ನ ಹೋರಿ, ಕ್ವಾಣ ಎಲ್ಲಾ ಅದರಾಗs ಅದಾವ ಬೇ ತಂಗಿ. ಮುರ್ರಾ ಐತಿ, ಜರ್ಸಿ ಐತಿ. ಕ್ಯಾನ್ ಖಾಲಿ ಆದ್ರ ಇಡೀ ಏಕಸಂಬಿ ದನ ನನಗ ಶಾಪ ಹಾಕ್ತಾವು."

"ಹೋರಿ ಇದ್ದ ಕ್ಯಾನ್ ಬ್ಯಾಡ್ರಿ ಕಾಕಾ. ತುಂಬಿಸಾಕ ತರ್ತೀರಲ್ಲ, ಆ ಕ್ಯಾನ್ ಕೊಡ್ರಿ."

ಕೊಟ್ಟ. ತಾನೂ ಜೊತೆಗೆ ಬಂದ, ಕ್ಯಾನನ್ನು ನನ್ನೊಬ್ಬಳನ್ನೇ ನಂಬಿ ಬಿಡುವ ಮನುಷ್ಯನಲ್ಲ.

ಶೆಡ್ಡಿನ ಬಾಗಿಲು ಕಿಟಕಿ ಎಲ್ಲ ತೆರೆದಿಟ್ಟು, ನಾನೂ ಅಪ್ಪನೂ ಒಂದು ಸ್ಟೀಲ್ ಪಾತೇಲಿಯಲ್ಲಿ ಸ್ಪಿರಿಟ್ ತುಂಬಿದೆವು. ಅದಕ್ಕೆ ನೈಟ್ರೋಜನ್ ಸ್ವಲ್ಪಸ್ವಲ್ಪವೇ ಸುರಿಯುತ್ತ ಹೋದೆ. ಕುಲುಮೆಯ ಶಾಖ ಅಳೆಯುವ ಮೀಟರಿನ ತಂತಿಯನ್ನೇ ಅದರಲ್ಲಿ ಇಳಿಬಿಟ್ಟಿದ್ದೆ. ಮೀಟರು ಸೊನ್ನೆ ದಾಟಿ ಇಳಿಯಿತು. ಇಪ್ಪತ್ತು, ಮೂವತ್ತು, ನಲವತ್ತು. ಬೆಂಗಳೂರಿಗೆ ಹೋದ ಲಾಟಿನವೇ ಆದ ಹತ್ತು ಸ್ಪ್ರಿಂಗುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮುಳುಗಿಸಿದೆ. ಒಂದು ತಾಸು ಕಾದೆ. ತೆಗೆದು ತಕ್ಷಣ ತೂಕದ ಕಾಟಾದಲ್ಲಿ ಎಳೆದು ನೋಡಿದರೆ ಹತ್ತಕ್ಕೆ ಹತ್ತೂ ಮೊದಲಿನಷ್ಟೇ ಜೋರು. ಕೂದಲೆಳೆ ಹೆಚ್ಚೇ ಇತ್ತು.

ನಾನು ಕುಣಿದಾಡಿಬಿಟ್ಟೆ. ವಿರುಪಾಕ್ಷಪ್ಪನಿಗೆ ಏನೂ ತಿಳಿಯದಿದ್ದರೂ ಚಪ್ಪಾಳೆ ಹೊಡೆದ.

ಅಲ್ಲಿಗೇ ನಿಲ್ಲಿಸಿದ್ದರೆ ನನ್ನ ಮಾತು ಗೆದ್ದಂತೆಯೇ ಇತ್ತು. ಆದರೆ ನಮ್ಮಲ್ಲಿ ಸ್ಪ್ರಿಂಗು, ರೆಕ್ಕೆ ಎಲ್ಲ ಕೂರಿಸಿ ಪೂರ್ತಿ ಜೋಡಿಸಿದ ಒಂದು ತಲೆಯೂ ಇತ್ತು. ಹದಿನಾರು ಕಳಿಸಿದಾಗ ಹದಿನೇಳನೆಯದನ್ನು ಮಾದರಿಗೆಂದು ಹಾಗೇ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೆ. ಅದನ್ನೂ ಚೀಲದಲ್ಲಿ ಕಟ್ಟಿ ಮುಳುಗಿಸಿದೆ. ತಾಸಿನ ನಂತರ ತೆಗೆದು, ರೆಕ್ಕೆಗಳನ್ನು ಹಿಡಿದಿಟ್ಟ ಪಿನ್ನು ಕಿತ್ತೆ. ಎರಡು ರೆಕ್ಕೆ ಟಪ್ಪೆಂದು ಬಿಚ್ಚಿಕೊಂಡವು. ಮೂರನೆಯದು ಒಂದು ಗಳಿಗೆ ಬಿಟ್ಟು ಬಂತು. ನಾಲ್ಕನೆಯದು ನಿದ್ದೆಯಿಂದ ಏಳುವವನ ಕೈಯ ಹಾಗೆ ಮೆಲ್ಲಗೆ, ನಾವು ಮೂವರೂ ನೋಡುತ್ತಿದ್ದಂತೆ ಮೇಲೆ ಬಂತು.

ಬೆಂಗಳೂರಿನವರ ಕಾಗದ ಸುಳ್ಳಲ್ಲ ಹಾಗಾದರೆ.

ಸ್ಪ್ರಿಂಗು ಸರಿ ಇದೆ, ರೆಕ್ಕೆ ತಡ. ಮತ್ತೆ ಏನು? ತಲೆಯನ್ನು ಬೆಳಕಿಗೆ ಹಿಡಿದು ನಾಲ್ಕನೆಯ ರೆಕ್ಕೆಯ ಬುಡ ನೋಡಿದೆ. ಅಲ್ಲಿ ತೆಳ್ಳಗೆ ಏನೋ ಮಂಜಿನಂತೆ ಕೂತಿತ್ತು. ಉಗುರಿನಿಂದ ಕೆರೆದೆ, ಮೇಣದಂತೆ ಬಂತು. ಬೆರಳ ಮೇಲೆ ಅದು ಕರಗಿತು. ಮೂಗಿಗೆ ಹಿಡಿದೆ. ಆ ವಾಸನೆ ನನಗೆ ಹುಟ್ಟಿದಾಗಿನಿಂದ ಗೊತ್ತು. ಅಪ್ಪನ ಅಂಗಿಯ ವಾಸನೆ, ಅವನು ನನ್ನನ್ನು ಎತ್ತಿಕೊಂಡಾಗಿನ ವಾಸನೆ. ಮಗ್ಗದ ಎಣ್ಣೆ.

"ಅಪ್ಪಾ, ಇದಕ್ಕ ಎಣ್ಣಿ ಹಾಕೀಯೇನು?"

"ಹೌದು, ಹಾಕೇನಿ," ಅಂದ. ಇದನ್ನು ಕೇಳುವುದೇನಿದೆ ಎಂಬಂತೆ ನನ್ನನ್ನು ನೋಡಿದ. "ನೀ ಎಲ್ಲಾ ಅಳತಿ ನೋಡಿ ಡಬ್ಬಿ ಮುಚ್ಚಾಕ ಕೊಟ್ಟಿ. ನಾ ಒಂದೊಂದ ಹನಿ ಬಿಟ್ಟು ಮುಚ್ಚೀನಿ. ಹದಿನೇಳಕ್ಕೂ ಹಾಕೇನಿ."

ಪವರ್‌ಲೂಮಿನಲ್ಲಿ ಬೆಳೆದವರಿಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಮುಂಜಾನೆ ಮಗ್ಗ ಚಾಲೂ ಮಾಡುವ ಮುಂಚೆ ಒಂದೊಂದು ಸಂದಿಗೆ ಒಂದೊಂದು ಹನಿ. ರಿಪೇರಿಯಾದ ಭಾಗ ಕೈಯಿಂದ ಹೊರಗೆ ಹೋಗುವಾಗ ಒಂದು ಹನಿ. ಒಣ ಕಬ್ಬಿಣ ಕೊಟ್ಟರೆ ಆ ಜಾಬರನಿಗೆ ಕೆಲಸ ಬರುವುದಿಲ್ಲ ಎಂದೇ ಲೆಕ್ಕ. ನಾವು ಬೌದ್ಧರು. ಖಂಡೇನವಮಿಗೆ ಇಡೀ ಬೋರಗಾಂವ ಮಷಿನುಗಳಿಗೆ ಅರಿಶಿನ ಕುಂಕುಮ ಹಚ್ಚಿದರೂ ನಮ್ಮ ಶೆಡ್ಡಿನಲ್ಲಿ ಹಚ್ಚುವುದಿಲ್ಲ. ಆದರೆ ಆ ದಿನವೂ ಅಪ್ಪ ಎಣ್ಣೆ ಬಿಡುತ್ತಾನೆ. "ಕುಂಕುಮ ಬಿಟ್ಟೀನಿ, ಎಣ್ಣಿ ಬಿಡಂಗಿಲ್ಲ," ಎಂದು ಅವನ ವಾದ. ಅವನ ಪಾಲಿಗೆ ಅದು ಪೂಜೆಯಲ್ಲ, ಮರ್ಯಾದೆ.

ನಕ್ಷೆಯ ಕಾಗದದಲ್ಲಿ ಸ್ಪಷ್ಟವಾಗಿ ಬರೆದಿತ್ತು, ಸಂದಿ ಒಣಗಿರಬೇಕು, ಯಾವ ಎಣ್ಣೆಯನ್ನೂ ಹಾಕಬಾರದು ಎಂದು. ಅದು ಇಂಗ್ಲಿಷಿನಲ್ಲಿತ್ತು. ಓದಿದವಳು ನಾನು. ನಾನು ಎಣ್ಣೆ ಹಾಕುವವಳಲ್ಲವಾದ್ದರಿಂದ ಅದನ್ನು ಯಾರಿಗೂ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಗುಟ್ಟಿನ ಕೆಲಸ ಎಂಬ ಜಂಬ ಬೇರೆ. ಎದುರಿಗೆ ಕೂತು ದಿನವೆಲ್ಲ ದುಡಿಯುವ ಮನುಷ್ಯನಿಗೆ ಏನು ಮಾಡುತ್ತಿದ್ದೇವೆ ಎಂದೇ ಹೇಳದಿದ್ದರೆ ಅವನು ತನಗೆ ಗೊತ್ತಿದ್ದ ರೀತಿಯಲ್ಲಿ ಒಳ್ಳೆಯದನ್ನು ಮಾಡುತ್ತಾನೆ. ಮಾಡಿದ.

ಅಪ್ಪನಿಗೆ ತಿಳಿಸಿ ಹೇಳಿದೆ. ಚಳಿಯಲ್ಲಿ ಈ ಎಣ್ಣೆ ಗಟ್ಟಿಯಾಗುತ್ತದೆ, ಕೆಳಗೆ ಹಾರಿದಾಗ ತೊಂದರೆಯಿಲ್ಲ, ಮೇಲೆ ಹೋದರೆ ರೆಕ್ಕೆ ಹಿಡಿಯುತ್ತದೆ ಅಂದೆ. ಅವನು ನಾಲ್ಕನೆಯ ರೆಕ್ಕೆಯನ್ನು ಬೆರಳಿನಿಂದ ಮಡಚಿದ, ಬಿಟ್ಟ, ಮತ್ತೆ ಮಡಚಿದ. ಆ ಹೊತ್ತಿಗೆ ಅದು ಬಿಸಿಲಿಗೆ ಬಂದು ಸರಾಗ ಆಡುತ್ತಿತ್ತು. ಅವತ್ತು ಅವನು ಊಟ ಮಾಡಲಿಲ್ಲ. ಅವನ ಮುಖ ನೋಡಲಾರದೆ ನಾನು ಹಿತ್ತಲಿಗೆ ಹೋಗಿ ಅತ್ತೆ.

ಮರುದಿನ ಜಿನೇಂದ್ರನನ್ನು ಕರೆಸಿ ಎಲ್ಲ ತೋರಿಸಿದೆ. ಎಣ್ಣೆ ಒರೆಸಿದ ತಲೆಯನ್ನು ಮುಳುಗಿಸಿ ತೆಗೆದಾಗ ನಾಲ್ಕೂ ರೆಕ್ಕೆ ಒಂದೇ ಸದ್ದಿನಲ್ಲಿ ಬಿಚ್ಚಿಕೊಂಡವು. ಅವನು ಖುಷಿಪಟ್ಟ, ಮರುಗಳಿಗೆ ಹೆದರಿದ.

"ಇದನ್ನ ಅವರ ಮುಂದ ಹೇಳಬ್ಯಾಡ್ರಿ," ಅಂದ. "ತಂತಿ ಖರಾಬ್ ಅಂದ್ರ ತಂತಿ ಕಂಪನಿ ಮ್ಯಾಲ ಹೋಗತೈತಿ, ಅದು ಯಾರಿಗೂ ತಾಗಂಗಿಲ್ಲ. ಎಣ್ಣಿ ಅಂದ್ರ ತುಕಾರಾಮಣ್ಣನ ಮ್ಯಾಲ ಬರತೈತಿ. ಮಿಲಿಟರಿ ಕೆಲಸ ಇದು. ಬೇಕಂತ ಕೆಡಿಸ್ಯಾರ ಅಂತ ಬರದ್ರ? ಪೊಲೀಸ್ರ ಬಂದ್ರ?"

"ಸುಳ್ಳ ಬರದ ಕೊಟ್ರ ಏನಾಗತೈತಿ ಹೇಳ್ರಿ. ಬೋರಗಾಂವದ ಸ್ಪ್ರಿಂಗ್ ಚಳೀಗೆ ಸಾಯತೈತಿ ಅಂತ ಫೈಲಿನ್ಯಾಗ ಕೂಡತೈತಿ. ಮುಂದ ಈ ಕಡೆ ಯಾವ ಹುಡುಗಿ ಶೆಡ್ ಹಾಕಿದ್ರೂ ಆ ಫೈಲ್ ತಗದ ತೋರಸ್ತಾರ."

"ಅಪ್ಪ ದೊಡ್ಡಾಂವೋ, ಸ್ಪ್ರಿಂಗ್ ದೊಡ್ಡದೋ?"

ಆ ಪ್ರಶ್ನೆಗೆ ನನ್ನ ಹತ್ತಿರ ಒಂದು ಉತ್ತರ ಆಗಲೇ ಸಿದ್ಧವಾಗಿತ್ತು. ಎಣ್ಣೆ ಹಾಕಿದ್ದು ನಾನು ಎಂದು ಹೇಳಿಬಿಡುವುದು. ಡಬ್ಬಿಗಳ ಮೇಲೆ ಸಹಿ ನನ್ನದೇ ಇತ್ತು. ಸ್ಪ್ರಿಂಗೂ ಉಳಿಯುತ್ತದೆ, ಅಪ್ಪನೂ ಉಳಿಯುತ್ತಾನೆ. ಜಿನೇಂದ್ರನಿಗೆ ಮಾತ್ರ ಹೇಳಿದೆ, ಅಪ್ಪನಿಗೆ ಹೇಳಲಿಲ್ಲ.

ಫೆಬ್ರವರಿ ಹನ್ನೊಂದರ ಬೆಳಿಗ್ಗೆ ಹನ್ನೊಂದು ಗಂಟೆಗೆ ಸಮಿತಿಯ ಜೀಪು ಬಂತು. ಅಧ್ಯಕ್ಷರು ಅರವತ್ತರ ಹತ್ತಿರದವರು, ವಾಯುಪಡೆಯಲ್ಲಿದ್ದು ನಿವೃತ್ತರಾದವರಂತೆ. ಜೊತೆಗೆ ಇಬ್ಬರು ಯುವ ಎಂಜಿನಿಯರುಗಳು, ಅವರಲ್ಲಿ ಒಬ್ಬ ಬರೆದುಕೊಳ್ಳುವವನು, ಇನ್ನೊಬ್ಬ ಫೋಟೋ ತೆಗೆಯುವವನು. ಅಧ್ಯಕ್ಷರು ಕೂತ ಕೂಡಲೇ ನೀರು ಕೇಳಿ, ಅವ್ವ ಕೊಟ್ಟ ತಂಬಿಗೆಯನ್ನು ಎತ್ತಿ ಗಟಗಟ ಕುಡಿದರು. ನಮ್ಮ ಮನೆಯ ನೀರು ಕುಡಿಯುವವರು ಯಾರು, ಬಿಸಲೇರಿ ತರುವವರು ಯಾರು ಎಂಬುದನ್ನು ನಾನು ಗಮನಿಸುತ್ತೇನೆ. ಆದ್ದರಿಂದ ಅವರ ಮೇಲೆ ನನಗೆ ವೈಯಕ್ತಿಕ ಸಿಟ್ಟೇನೂ ಇರಲಿಲ್ಲ. ಅವರ ಕೈಯಲ್ಲಿದ್ದ ಕಾಗದದ ಮೇಲೆ ಇತ್ತು.

"ನೋಡಮ್ಮ," ಅಂದರು, "ಇದರಲ್ಲಿ ನಾಚಿಕೆ ಪಡೋದೇನಿಲ್ಲ. ಸಣ್ಣ ಜಾಗ, ಇದ್ದುದರಲ್ಲಿ ಚೆನ್ನಾಗಿ ಮಾಡಿದ್ದೀರಿ. ಆದರೆ ಇಂಥ ಕೆಲಸಕ್ಕೆ ಇದು ಸಾಲದು. ಸಹಿ ಮಾಡಿಬಿಡಿ, ನಾವೂ ಹೊರಡ್ತೀವಿ."

"ಸಹಿ ಮಾಡೂಕಿಂತ ಮೊದಲ ಒಂದೆರಡ ತಾಸ ಕೂಡ್ರಿ ಸಾಹೇಬ್ರ," ಅಂದೆ. "ನಿಮ್ಮ ಆಕಾಶ ಇಲ್ಲೇ ತಂದಿಟ್ಟೀನಿ."

ವಿರುಪಾಕ್ಷಪ್ಪ ಕ್ಯಾನಿನ ಮುಚ್ಚಳ ತೆಗೆದ. ಹೊಗೆ ನೆಲಕ್ಕಿಳಿದು ಎಂಜಿನಿಯರುಗಳ ಬೂಟಿನ ತನಕ ಬಂತು. ಬರೆದುಕೊಳ್ಳುವವನು ಇದು ಎಲ್ಲಿಂದ ಬಂತೆಂದು ಕೇಳಿದ. ವಿರುಪಾಕ್ಷಪ್ಪ ಹೋರಿಗಳ ತಳಿ ಸಮೇತ ವಿವರಿಸಿದ. ಆ ಹುಡುಗ ಅದನ್ನೂ ಬರೆದುಕೊಂಡ.

ಮೊದಲು ಸ್ಪ್ರಿಂಗುಗಳು. ನಲವತ್ತರ ಚಳಿಯಲ್ಲಿ ಒಂದು ತಾಸು ಇಟ್ಟು, ಅವರ ಕೈಗೇ ಕಾಟಾ ಕೊಟ್ಟೆ. ಅವರೇ ಎಳೆದು ನೋಡಿದರು, ಅವರೇ ಬರೆದರು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. ಆಮೇಲೆ ಎರಡು ತಲೆ. ಮಾದರಿಯ ತಲೆಗೆ ಅವರೆದುರೇ ಮಗ್ಗದ ಎಣ್ಣೆ ಬಿಟ್ಟೆ, ಇನ್ನೊಂದು ಹೊಸದಾಗಿ ಜೋಡಿಸಿದ ಒಣ ತಲೆ. ಎರಡನ್ನೂ ಅಷ್ಟೇ ಚಳಿಯಲ್ಲಿ ಮುಳುಗಿಸಿ ತೆಗೆದು ಪಿನ್ನು ಕಿತ್ತಾಗ ಒಣಗಿದ್ದುದು ಟಪ್ಪೆಂದಿತು. ಎಣ್ಣೆಯದು ತೂಕಡಿಸಿತು. ಫೋಟೋದವನು ಇನ್ನೊಮ್ಮೆ ಮಾಡಿ ಅಂದ. ಇನ್ನೊಮ್ಮೆ ಮಾಡಿದೆ. ಮೂರನೆಯ ಸಲವೂ ಮಾಡಿದೆ.

"ನಮ್ಮ ಸ್ಪ್ರಿಂಗ್ ಕೆಟ್ಟಿಲ್ಲ," ಅಂದೆ. "ತಪ್ಪು ನಮ್ಮದs, ಆದ್ರ ಅದು ತಂತೀದಲ್ಲ, ಎಣ್ಣೀದು. ಬರ್ಕೋರಿ."

ಅಧ್ಯಕ್ಷರು ಆ ತೂಕಡಿಸುವ ರೆಕ್ಕೆಯ ಬುಡವನ್ನು ಬಗ್ಗಿ ನೋಡಿದರು. ಆಮೇಲೆ ನಾನು ಕಾಯುತ್ತಿದ್ದ ಪ್ರಶ್ನೆ ಬಂತು.

"ಎಣ್ಣೆ ಹಾಕಿದವರು ಯಾರು?"

"ನಾ—"

"ನಾ ಹಾಕೇನ್ರಿ," ಎಂದು ಹಿಂದಿನಿಂದ ಅಪ್ಪ ಕೂಗಿದ. ಪಕ್ಕದ ಮಗ್ಗಗಳು ಓಡುತ್ತಿದ್ದವು, ಅವನ ದನಿ ಅವುಗಳ ಮೇಲೆ ಹೋಯಿತು. "ತುಕಾರಾಮ ಶಿಂಗೆ. ಆಕೀಗೆ ಗೊತ್ತಿಲ್ಲ. ಆಕಿ ಸುಳ್ಳ ಹೇಳಾಕ ಬಾಯಿ ತಗದಿದ್ಲು, ಮಾರಿ ನೋಡಿದ್ರ ನನಗ ತಿಳೀತೈತಿ. ಹದಿನೇಳಕ್ಕೂ ನಾನs ಹಾಕೀನಿ. ಛಲೋ ಆಗ್ಲಿ ಅಂತ ಹಾಕೀನಿ."

ನನಗೆ ಅವನ ಮೇಲೆ ಅಂಥ ಸಿಟ್ಟು ಎಂದೂ ಬಂದಿರಲಿಲ್ಲ. ಅಂಥ ಹೆಮ್ಮೆಯೂ ಆಗಿರಲಿಲ್ಲ.

ಅಧ್ಯಕ್ಷರು ಅವನನ್ನು ಮೇಲಿನಿಂದ ಕೆಳಗೆ ನೋಡಿದರು. ದನಿ ಒರಟಾಗಲಿಲ್ಲ, ಆದರೆ ಕಚೇರಿಯ ದನಿಯಾಯಿತು.

"ಸರಿ. ಸ್ಪ್ರಿಂಗಿನ ವಿಷಯ ನಾನು ಒಪ್ಪಿದೆ, ವರದಿ ತಿದ್ದುತ್ತೀನಿ. ಕೆಲಸ ಇಲ್ಲೇ ಮುಂದುವರಿಯಬಹುದು. ಆದರೆ ಇವರು ಇನ್ನು ಮುಂದೆ ಈ ಕೆಲಸ ಮುಟ್ಟಬಾರದು, ಈ ಶೆಡ್ಡಿನೊಳಗೆ ಬರಬಾರದು. ಹಾಗಂತ ಬರೆದುಕೊಡಿ."

ಜಿನೇಂದ್ರನ ಮುಖ ಅರಳಿತು. ಅವನ ಲೆಕ್ಕದಲ್ಲಿ ಇದು ಸೋವಿಯಲ್ಲಿ ಮುಗಿದ ವ್ಯವಹಾರ. ಅಪ್ಪನೂ ತಲೆಯಾಡಿಸಿ ಬಾಗಿಲ ಕಡೆ ಹೊರಟುಬಿಟ್ಟ.

"ನಿಲ್ಲಪ್ಪಾ," ಅಂದೆ. "ಸಾಹೇಬ್ರ, ಅದನ್ನ ನಾ ಬರದ ಕೊಡಂಗಿಲ್ಲ. ಹೇಳಬೇಕಾದಾಕಿ ನಾನು, ಹೇಳಿಲ್ಲ. ಹೊರಗ ಹೋಗೂದಿದ್ರ ನಾ ಹೋಗಬೇಕು. ಮ್ಯಾಲ ಇನ್ನೊಂದ ಮಾತ ಕೇಳ್ರಿ. ಎಣ್ಣಿ ಬಿಟ್ರ ರೆಕ್ಕಿ ಏನಾಗತೈತಿ ಅಂತ ಊಟಾ ಬಿಟ್ಟ ಕೂತು ವಿಚಾರ ಮಾಡಿದ ಫಿಟ್ಟರ್ ನಿಮ್ಮ ಬೆಂಗಳೂರಾಗ ಯಾರದಾರ? ಈ ತಪ್ಪ ಇನ್ನೊಮ್ಮೆ ಮಾಡಲಾರದಂಥ ಮನಶ್ಯಾ ಅಂದ್ರ ಇಂವಾ ಒಬ್ಬನs. ಇವನ್ನ ತಗೀರಿ ಅಂತೀರಿ. ತಗದು ಯಾರನ್ನ ತರೂನು? ಎಂದೂ ತಪ್ಪ ಮಾಡದವರನ್ನ? ಅಂಥವ್ರು ಎಲ್ಲಿ ಸಿಗ್ತಾರ ನೀವs ಹೇಳ್ರಿ. ಡಬ್ಬಿ ಮುಚ್ಚೂ ಮೊದಲ ಕಡೀ ತಪಾಸಣಿ ಇವನs ಮಾಡ್ತಾನ. ಆಗೂದಿಲ್ಲಂದ್ರ ನಿಮ್ಮ ಸ್ಪ್ರಿಂಗ್ ಹೊರದೇಶದಿಂದ ತರ್ಸ್ರಿ. ನಮಗ ಗೇಟಿನ ಸ್ಪ್ರಿಂಗ್ ಅದಾವು."

ಜಿನೇಂದ್ರ ಕಣ್ಣು ಮುಚ್ಚಿಕೊಂಡ.

ಅಧ್ಯಕ್ಷರಿಗೂ ಈಗ ಸಿಟ್ಟು ಬಂತು. ಅಷ್ಟು ದೂರ ಬಂದು, ಅಷ್ಟು ರಿಯಾಯಿತಿ ಕೊಟ್ಟು, ಒಂದು ತಗಡಿನ ಶೆಡ್ಡಿನಲ್ಲಿ ಈ ಮಾತು ಕೇಳಬೇಕೆಂದರೆ ಯಾರಿಗೆ ಬರುವುದಿಲ್ಲ? ಅವರು ಬರೆದುಕೊಳ್ಳುವವನ ಹಲಗೆ ಕಸಿದುಕೊಂಡು ತಾವೇ ನಾಲ್ಕು ಸಾಲು ಇಂಗ್ಲಿಷಿನಲ್ಲಿ ಬರೆದರು.

"ಅಷ್ಟು ನಂಬಿಕೆ ಇದೆಯಾ? ಆಗಲಿ. ಕಡೆಯ ತಪಾಸಣೆ ಇವರದೇ. ಒಂದೊಂದು ಉಂಗುರದ ಮೇಲೂ ಇವರ ಹೆಸರು ಕೆತ್ತಬೇಕು. ಡಬ್ಬಿಯ ಮೇಲೂ ಇವರದೇ ಸಹಿ. ನಾಳೆ ಒಂದು ರೆಕ್ಕೆ ತಪ್ಪಿದರೂ ಹೊಣೆ ಕಂಪನಿಯದಲ್ಲ, ನಿಮ್ಮದೂ ಅಲ್ಲ. ಇವರೊಬ್ಬರದೇ. ಕೇಸು ಹಾಕಿದರೂ ಇವರ ಮೇಲೇ. ಒಪ್ಪಿಗೆ ಇದ್ದರೆ ಸಹಿ ಮಾಡಿಸಿ."

ಹಲಗೆಯನ್ನು ನನ್ನ ಮುಂದೆ ಚಾಚಿದರು. ನನ್ನ ಧೈರ್ಯವೆಲ್ಲ ಅಲ್ಲಿಗೆ ಇಳಿಯಿತು. ನನ್ನ ಕುತ್ತಿಗೆಯನ್ನು ಯಾವ ಗಳಿಗೆಯಲ್ಲಾದರೂ ಪಣಕ್ಕಿಡುತ್ತಿದ್ದೆ, ಅವರು ಕೇಳಿದ್ದು ಅಪ್ಪನದನ್ನು. ಜಿನೇಂದ್ರ ಹಿಂದಿನಿಂದ ಬ್ಯಾಡ ಬ್ಯಾಡ ಎಂದು ಕೈಯಾಡಿಸುತ್ತಿದ್ದ.

"ನನ್ನ ಹೆಸರ ಹಾಕ್ರಿ," ಅಂದೆ. "ಹೊಣೆ ನನ್ನ ಮ್ಯಾಲ ಬರೀರಿ."

"ಇಲ್ಲಮ್ಮ. ಅವರದೇ. ಇಲ್ಲದಿದ್ದರೆ ಮೊದಲನೆಯ ಷರತ್ತು."

ಅಪ್ಪ ಬಾಗಿಲಿಂದ ವಾಪಸು ಬಂದು ನನ್ನ ಪಕ್ಕದಲ್ಲಿ ನಿಂತ. "ಏನ್ ಬರದಾರ ಓದಿ ಹೇಳು," ಅಂದ.

ಓದಿ ಹೇಳಿದೆ. ಒಂದು ಅಕ್ಷರ ಬಿಡಲಿಲ್ಲ. ಒಮ್ಮೆ ಹೇಳದೆ ಬಿಟ್ಟದ್ದಕ್ಕೆ ಏನಾಯಿತೆಂದು ನೋಡಿಯಾಗಿತ್ತು. ಕೇಸಿನ ಮಾತನ್ನೂ ಹೇಳಿದೆ.

ಅಪ್ಪ ಕೇಳಿಕೊಂಡ. ಬರೆದುಕೊಳ್ಳುವ ಹುಡುಗನ ಕಡೆ ತಿರುಗಿ, "ಹೆಸರ ಎಲ್ಲಿ ಬರತೈತ್ರಿ?" ಎಂದು ಕೇಳಿದ.

"ಉಂಗುರದ ಒಳಗಡೆ, ಅಜ್ಜ. ಮಷಿನಿನಿಂದ ಕೆತ್ತೋದು. ಅಳಿಸೋಕೆ ಬರಲ್ಲ," ಅಂದ ಹುಡುಗ. ಹೆದರಿಸಲೆಂದು ಹೇಳಿದನೋ ಮರುಕದಿಂದ ಹೇಳಿದನೋ ತಿಳಿಯಲಿಲ್ಲ.

"ಅಳಸಾಕ ಬರಂಗಿಲ್ಲ?"

"ಬರಲ್ಲ."

ಅಪ್ಪ ಕೈ ಚಾಚಿದ. "ನಲವತ್ತ ವರ್ಷ ಮಗ್ಗ ನಡಿಸೀನ್ರಿ ಸಾಹೇಬ್ರ," ಎಂದು ಅಧ್ಯಕ್ಷರಿಗೆ ಹೇಳಿದ. "ನನ್ನ ಕೈಯಾಗಿಂದ ಎಷ್ಟ ಸಾವಿರ ಥಾನ ಬಟ್ಟಿ ಹೋತೋ ನನಗs ಗೊತ್ತಿಲ್ಲ. ಎಲ್ಲಾದರ ಮ್ಯಾಲೂ ಮಾಲಕರ ಶಿಕ್ಕಾ. ತಪ್ಪಾದ ದಿನ ಅಷ್ಟs ನನ್ನ ಹೆಸರ ಹಿಡದ ಕರೀತಿದ್ರು. ಕೊಡ್ರಿ ಪೆನ್ನ."

ಅಧ್ಯಕ್ಷರು ಒಂದು ಗಳಿಗೆ ಕೊಡಲಿಲ್ಲ. ಆಮೇಲೆ ಕೊಟ್ಟರು. ಸಹಿಗೆಂದು ಬಿಟ್ಟ ಜಾಗ ಇಂಗ್ಲಿಷಿನ ಎರಡು ಅಕ್ಷರಕ್ಕೆ ಸಾಕಾಗುವಷ್ಟಿತ್ತು. ಅಪ್ಪ ಕನ್ನಡದಲ್ಲಿ, ಒತ್ತಿ ಒತ್ತಿ ಬರೆಯತೊಡಗಿದ. ಸಾಕು, ಇಷ್ಟು ಸಾಕು ಎಂದು ಅಧ್ಯಕ್ಷರು ಎರಡು ಸಲ ಅಂದರು. ಅವನು ತಲೆ ಎತ್ತಲಿಲ್ಲ. ತನ್ನ ಹೆಸರು ಬರೆದ, ತನ್ನ ಅಪ್ಪನ ಹೆಸರು ಬರೆದ, ಅಡ್ಡಹೆಸರು ಬರೆದ, ಗೆರೆ ದಾಟಿ ಅಂಚಿನವರೆಗೆ ಹೋಗಿ ಊರಿನ ಹೆಸರನ್ನೂ ಬರೆದ.